ಸಸ್ಯವೇ ಸಾಕ್ಷಿ: ವ್ಲಾದಿಮಿರ್ ಕೊಪೆನ್‌ನ ಬದುಕು ಮತ್ತು ವಾಯುಗುಣಗಳ ನಾಮಕರಣ

1. ಪೀಠಿಕೆ

ಕನ್ನಡದಲ್ಲಿ ಸಾಹಿತ್ಯ, ಜಾನಪದ, ಸ್ಥಳನಾಮ ಮೊದಲಾದ ಕ್ಷೇತ್ರಗಳಲ್ಲಿ ಪ್ರಾದೇಶಿಕ ಅಧ್ಯಯನಕ್ಕೆ ತೊಡಗುವವರು ಮಲೆನಾಡು, ಬಯಲುಸೀಮೆ, ಕರಾವಳಿ ಎಂಬ ವಿಂಗಡಣೆಯನ್ನು ಸಾಮಾನ್ಯವಾಗಿ ಸಿದ್ಧ ಚೌಕಟ್ಟಾಗಿ ಸ್ವೀಕರಿಸುತ್ತಾರೆ. ಈ ಹೆಸರುಗಳು ನೆಲದ ಏರುತಗ್ಗುಗಳನ್ನು ಸೂಚಿಸುವಂತೆ ತೋರಿದರೂ ಅವುಗಳ ಹಿಂದೆ ಮಳೆಯ ಪ್ರಮಾಣ, ಬಿಸಿಲಿನ ತೀವ್ರತೆ ಹಾಗೂ ಅವೆರಡಕ್ಕೂ ಹೊಂದಿಕೊಂಡು ಬೆಳೆದ ಗಿಡಮರಗಳ ತಿಳಿವಳಿಕೆ ಅಡಗಿದೆ. ಒಂದು ಸೀಮೆ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸುಲಭವಲ್ಲ. ಇದೇ ಪ್ರಶ್ನೆಯನ್ನು ಇಡೀ ಭೂಮಂಡಲಕ್ಕೆ ಅನ್ವಯಿಸಿ ಸುಮಾರು ಎಪ್ಪತ್ತು ವರ್ಷಗಳ ಕಾಲ ಉತ್ತರ ಹುಡುಕಿದವನು ವ್ಲಾದಿಮಿರ್ ಕೊಪೆನ್ (1846–1940).

ಭೂಗೋಳಶಾಸ್ತ್ರದ ಪಠ್ಯಗಳಲ್ಲಿ ಈತನ ಹೆಸರು ಅಕ್ಷರಗಳ ಒಂದು ಪಟ್ಟಿಯೊಡನೆ ಬರುತ್ತದೆ. ವಿದ್ಯಾರ್ಥಿಗಳು ಆ ಅಕ್ಷರಗಳನ್ನು ಕಂಠಪಾಠ ಮಾಡುತ್ತಾರೆ. ಅವುಗಳ ಹಿಂದಿರುವ ಮನುಷ್ಯ ಮತ್ತು ಆತನ ವಿಚಾರಕ್ರಮ ಮರೆಯಾಗಿಯೇ ಉಳಿಯುತ್ತವೆ. ಮಳೆ ಮತ್ತು ಉಷ್ಣತೆಗಳು ಸಸ್ಯಜೀವನವನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಆತ ಹಂತಹಂತವಾಗಿ ಕಂಡುಕೊಂಡ ಬಗೆಯನ್ನು ಆತನ ಜೀವನಕ್ರಮದೊಂದಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಜೊತೆಗೆ, ಆ ಶೋಧವು ಹೆಸರಿಡುವ ಸಮಸ್ಯೆಯಾಗಿಯೂ ಬೆಳೆದುದರಿಂದ ಅದು ಭಾಷಾಧ್ಯಯನ ಮಾಡುವವರಿಗೂ ಸಂಬಂಧಿಸಿದ ವಿಷಯವಾಗಿದೆ.

2. ಬೆಟ್ಟದ ಎರಡು ಮಗ್ಗುಲು

ಕೊಪೆನ್ ಹುಟ್ಟಿದ್ದು 1846ರ ಸೆಪ್ಟೆಂಬರ್ 25ರಂದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಮನೆತನ ಜರ್ಮನ್ ಮೂಲದ್ದು. ಆತನ ಅಜ್ಜ ವೈದ್ಯ. ಎರಡನೆಯ ಕ್ಯಾಥರೀನಳ ಆಳ್ವಿಕೆಯಲ್ಲಿ ರಷ್ಯಾಕ್ಕೆ ಬಂದು ನೆಲೆಸಿದವನು. ತಂದೆ ಪೀಟರ್ ಕೊಪೆನ್ ಭೂಗೋಳ, ಜನಾಂಗಶಾಸ್ತ್ರ ಹಾಗೂ ಅಂಕಿಅಂಶಗಳ ವಿದ್ವಾಂಸ; ರಷ್ಯಾದ ವಿಜ್ಞಾನ ಅಕಾಡೆಮಿಯ ಸದಸ್ಯ. ಮನೆಯಲ್ಲಿ ಜರ್ಮನ್, ಹೊರಗೆ ರಷ್ಯನ್ ಎಂಬ ಎರಡು ಭಾಷೆಗಳ ನಡುವೆ ಬಾಲಕ ಬೆಳೆದನು. ಮುಂದೆ ಆತ ಎಸ್ಪೆರಾಂಟೊ ಭಾಷೆಯ ಪ್ರಚಾರಕನಾಗಿ, ತನ್ನ ಬರಹಗಳನ್ನು ಆ ಭಾಷೆಗೂ ತಂದುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಾಗಿರಬಹುದು.

1850ರ ದಶಕದ ಕೊನೆಯಲ್ಲಿ ಕುಟುಂಬವು ಕ್ರೈಮಿಯಾದ ದಕ್ಷಿಣ ಕರಾವಳಿಯಲ್ಲಿದ್ದ ಕಾರಾಬಾಗ್ ಎಂಬ ತನ್ನ ಎಸ್ಟೇಟಿಗೆ ಹೋಗಿ ನೆಲೆಸಿತು. ಬಾಲಕನ ಶಾಲೆ ಮಾತ್ರ ಬೆಟ್ಟಸಾಲಿನ ಆಚೆಗಿದ್ದ ಸಿಮ್ಫೆರೋಪೋಲ್ ಪಟ್ಟಣದಲ್ಲಿತ್ತು. ಈ ಎರಡು ಊರುಗಳ ನಡುವಿನ ಓಡಾಟವೇ ಆತನ ಮೊದಲ ಪಾಠವಾಯಿತೆಂದು ಆತನ ಜೀವನವನ್ನು ಬರೆದವರೆಲ್ಲರೂ ಗುರುತಿಸಿದ್ದಾರೆ.

ಆ ದಾರಿಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಿಮ್ಫೆರೋಪೋಲ್‌ನಿಂದ ಉತ್ತರಕ್ಕೆ ಸ್ಟೆಪ್ ಹುಲ್ಲುಬಯಲು ಹರಡಿಕೊಂಡಿದೆ. ಅಲ್ಲಿ ಮಳೆ ಕಡಿಮೆ, ಚಳಿಗಾಲದ ಗಾಳಿಗೆ ತಡೆಯಿಲ್ಲ, ಮರಗಳು ವಿರಳ. ದಕ್ಷಿಣಕ್ಕೆ ಬೆಟ್ಟವನ್ನೇರುತ್ತ ಹೋದಂತೆ ಮೊದಲು ಓಕ್, ಮೇಲೆ ಬೀಚ್ ಮರಗಳ ಕಾಡು ಎದುರಾಗುತ್ತದೆ. ನೆತ್ತಿಯನ್ನು ದಾಟಿ ಕಡಲಿನ ಕಡೆಗೆ ಇಳಿದರೆ ಪೈನ್ ಮರಗಳು, ಅವುಗಳ ಕೆಳಗೆ ದ್ರಾಕ್ಷಿ, ಆಲಿವ್, ಸೈಪ್ರೆಸ್‌ಗಳು ಬೆಳೆಯುವ ಬೆಚ್ಚನೆಯ ನೆಲ ದೊರೆಯುತ್ತದೆ. ಉತ್ತರದ ಶೀತಗಾಳಿಯನ್ನು ಬೆಟ್ಟಸಾಲು ತಡೆಯುವುದರಿಂದ ಹಾಗೂ ಕಪ್ಪುಸಮುದ್ರವು ಚಳಿಗಾಲದಲ್ಲಿ ಶಾಖವನ್ನು ಬಿಟ್ಟುಕೊಡುವುದರಿಂದ ಈ ಕಿರಿದಾದ ಪಟ್ಟಿಯಲ್ಲಿ ಮೆಡಿಟರೇನಿಯನ್ ತೀರವನ್ನು ಹೋಲುವ ಸಸ್ಯಗಳು ಉಳಿಯುತ್ತವೆ. ಅಕ್ಷಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲದ ಎರಡು ಸ್ಥಳಗಳಲ್ಲಿ ಎರಡು ಬೇರೆ ಸಸ್ಯಲೋಕಗಳಿರುವುದನ್ನು ಆತ ಪುಸ್ತಕ ಓದುವ ಮೊದಲೇ ಕಣ್ಣಾರೆ ಕಂಡಿದ್ದನು. ಆಗುಂಬೆಯ ಘಾಟಿಯನ್ನು ಏರಿ ಪೂರ್ವಕ್ಕೆ ಪ್ರಯಾಣ ಮಾಡಿದ ಯಾರಿಗೂ ಈ ಅನುಭವದ ಸ್ವರೂಪ ಅಪರಿಚಿತವಲ್ಲ.

3. ಮೊಳಕೆಯಿಂದ ಬಿರುಗಾಳಿಯವರೆಗೆ

1864ರಲ್ಲಿ ಕೊಪೆನ್ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿದನು. ತಂದೆ ತೀರಿಕೊಂಡದ್ದೂ ಅದೇ ವರ್ಷ. 1867ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ, ಅನಂತರ ಲೈಪ್‌ಜಿಗ್‌ಗೆ ಹೋಗಿ, 1870ರಲ್ಲಿ ಡಾಕ್ಟರೇಟ್ ಪದವಿಗಾಗಿ ಪ್ರಬಂಧವನ್ನು ಒಪ್ಪಿಸಿದನು. ಅದರ ವಸ್ತು ಶಾಖಕ್ಕೂ ಸಸ್ಯದ ಬೆಳವಣಿಗೆಗೂ ಇರುವ ಸಂಬಂಧ. ಉಷ್ಣತೆ ಏರಿದಷ್ಟೂ ಗಿಡ ಬೆಳೆಯುತ್ತದೆ ಎಂಬ ಸರಳ ನಿಯಮ ನಿಲ್ಲುವುದಿಲ್ಲ; ಒಂದು ಮಟ್ಟದವರೆಗೆ ಬೆಳವಣಿಗೆಯ ವೇಗ ಏರಿ, ಅದನ್ನು ಮೀರಿದರೆ ಕುಗ್ಗುತ್ತದೆ. ಅಂದರೆ ಶಾಖವು ಗಿಡದ ಮಟ್ಟಿಗೆ ಹೊಸ್ತಿಲುಗಳುಳ್ಳ ಶಕ್ತಿ. ಮುಂದೆ ಆತ ಭೂಮಿಯ ನಕ್ಷೆಯಲ್ಲಿ ಹುಡುಕಿದ್ದೂ ಇಂಥ ಹೊಸ್ತಿಲುಗಳನ್ನೇ ಎಂಬುದು ಗಮನಾರ್ಹ.

ಪದವಿ ಸಸ್ಯಶಾಸ್ತ್ರದಲ್ಲಿ ದೊರೆತರೂ ಉದ್ಯೋಗ ದೊರೆತದ್ದು ಹವಾಮಾನಶಾಸ್ತ್ರದಲ್ಲಿ. ಕೆಲಕಾಲ ಸೇಂಟ್ ಪೀಟರ್ಸ್‌ಬರ್ಗ್‌ನ ಕೇಂದ್ರೀಯ ಭೌತಿಕ ವೀಕ್ಷಣಾಲಯದಲ್ಲಿ ಸಹಾಯಕನಾಗಿ ದುಡಿದು, 1875ರಲ್ಲಿ ಹ್ಯಾಂಬರ್ಗ್‌ನ ಜರ್ಮನ್ ಸಾಗರ ವೀಕ್ಷಣಾಲಯಕ್ಕೆ ಬಂದನು. ತಂತಿಯ ಮೂಲಕ ಬರುವ ಹವಾವರದಿಗಳನ್ನು ಕ್ರೋಡೀಕರಿಸಿ ನಕ್ಷೆ ತಯಾರಿಸುವುದು, ಬಂದರುಗಳಿಗೆ ಬಿರುಗಾಳಿಯ ಮುನ್ಸೂಚನೆ ಕೊಡುವುದು ಆತನ ಹೊಣೆಯಾಯಿತು. 1879ರ ನಂತರ ಆತನಿಗೆ ದಿನನಿತ್ಯದ ಈ ಕೆಲಸದಿಂದ ಬಿಡುಗಡೆ ದೊರೆತು, ಸಂಶೋಧನೆಗೆ ಅವಕಾಶವಾಯಿತು. ಮೋಡಗಳ ಸಚಿತ್ರ ಕೋಶದ ಸಿದ್ಧತೆಯಲ್ಲಿ (1890) ಪಾಲ್ಗೊಂಡದ್ದು, ಗಾಳಿಪಟಗಳಿಗೆ ಉಪಕರಣಗಳನ್ನು ಕಟ್ಟಿ ಮೇಲ್ಮಟ್ಟದ ವಾಯುವನ್ನು ಅಳೆಯಲು ಯತ್ನಿಸಿದ್ದು ಈ ಅವಧಿಯ ಇತರ ಕೆಲಸಗಳು. ವೀಕ್ಷಣಾಲಯದ ಉದ್ಯೋಗವು ಆತನಿಗೆ ಸಸ್ಯಶಾಸ್ತ್ರಜ್ಞರಿಗೆ ಸಾಮಾನ್ಯವಾಗಿ ಸಿಗದಿದ್ದ ಒಂದು ಅನುಕೂಲವನ್ನು ಒದಗಿಸಿತು: ಜಗತ್ತಿನ ನಾನಾ ಭಾಗಗಳ ಮಾಸಿಕ ಉಷ್ಣತೆ ಮತ್ತು ಮಳೆಯ ಅಂಕಿಗಳು ಆತನ ಮೇಜಿನ ಮೇಲಿದ್ದವು.

4. ಸರಾಸರಿಯ ಮಿತಿ ಮತ್ತು ಬೇಸಗೆಯ ಲೆಕ್ಕ

ಕೊಪೆನ್‌ಗಿಂತ ಮೊದಲು ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ 1817ರಲ್ಲಿ ಸಮೋಷ್ಣ ರೇಖೆಗಳ ನಕ್ಷೆಯನ್ನು ಪ್ರಕಟಿಸಿದ್ದನು. ವರ್ಷದ ಸರಾಸರಿ ಉಷ್ಣತೆ ಒಂದೇ ಆಗಿರುವ ಸ್ಥಳಗಳನ್ನು ಜೋಡಿಸುವ ಆ ರೇಖೆಗಳು ದೊಡ್ಡ ಮುನ್ನಡೆಯೇ ಸರಿ. ಆದರೆ ಸಸ್ಯಗಳನ್ನು ಗಮನಿಸಿದಾಗ ವಾರ್ಷಿಕ ಸರಾಸರಿಯ ಮಿತಿ ಬಯಲಾಗುತ್ತದೆ. ಪೂರ್ವ ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ ವಾರ್ಷಿಕ ಸರಾಸರಿ ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿದೆ. ನೆಲದಾಳ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಆದರೂ ಸುತ್ತಲೂ ಲಾರ್ಚ್ ಮರಗಳ ಕಾಡಿದೆ. ದಕ್ಷಿಣ ಹಿಂದೂ ಮಹಾಸಾಗರದ ಕೆರ್ಗೆಲೆನ್ ದ್ವೀಪಗಳಲ್ಲಿ ವಾರ್ಷಿಕ ಸರಾಸರಿ ಸೊನ್ನೆಗಿಂತ ಸುಮಾರು 5 ಡಿಗ್ರಿ ಮೇಲಿದ್ದರೂ ಅಲ್ಲಿ ತಾನಾಗಿ ಬೆಳೆದ ಒಂದು ಮರವೂ ಇಲ್ಲ. ಯಾಕುತ್ಸ್ಕ್‌ನ ಜುಲೈ ತಿಂಗಳು 18–19 ಡಿಗ್ರಿಗಳಷ್ಟು ಬೆಚ್ಚಗಿರುತ್ತದೆ. ಕೆರ್ಗೆಲೆನ್‌ನ ಅತ್ಯಂತ ಬೆಚ್ಚನೆಯ ತಿಂಗಳೂ 10 ಡಿಗ್ರಿಯನ್ನು ಮುಟ್ಟುವುದಿಲ್ಲ. ಮರವು ಚಳಿಗಾಲವನ್ನು ನಿದ್ರಾವಸ್ಥೆಯಲ್ಲಿ ಕಳೆಯಬಲ್ಲದು. ಚಿಗುರು, ಕಾಂಡ, ಬೀಜಗಳನ್ನು ಕಟ್ಟಿಕೊಳ್ಳಲು ಅದಕ್ಕೆ ಒಂದು ಸಾಕಷ್ಟು ಬೆಚ್ಚನೆಯ ಬೇಸಗೆ ಬೇಕೇ ಬೇಕು.

1884ರಲ್ಲಿ ಕೊಪೆನ್ ಪ್ರಕಟಿಸಿದ ಉಷ್ಣವಲಯಗಳ ನಕ್ಷೆಯ ತಿರುಳು ಇದೇ. ವಾರ್ಷಿಕ ಸರಾಸರಿಯನ್ನು ಬದಿಗಿಟ್ಟು, ವರ್ಷದಲ್ಲಿ ಎಷ್ಟು ತಿಂಗಳು 20 ಡಿಗ್ರಿಗಿಂತ ಬಿಸಿಯಾಗಿರುತ್ತವೆ, ಎಷ್ಟು ತಿಂಗಳು 10 ಮತ್ತು 20ರ ನಡುವೆ ಇರುತ್ತವೆ, ಎಷ್ಟು ತಿಂಗಳು 10ಕ್ಕಿಂತ ತಣ್ಣಗಿರುತ್ತವೆ ಎಂಬ ಅವಧಿಯ ಲೆಕ್ಕದಿಂದ ಆತ ಭೂಮಿಯನ್ನು ವಿಭಾಗಿಸಿದನು. ಅತ್ಯಂತ ಬೆಚ್ಚನೆಯ ತಿಂಗಳ 10 ಡಿಗ್ರಿ ರೇಖೆಯು ಧ್ರುವದ ಕಡೆಗೆ ಕಾಡಿನ ಅಂಚಿಗೆ ಹತ್ತಿರವಾಗಿ ಸಾಗುವುದು ಈ ಬಗೆಯ ಚಿಂತನೆಗೆ ಆಧಾರ ಒದಗಿಸಿತು. ಆದರೆ ಈ ನಕ್ಷೆಯಲ್ಲಿ ಮಳೆಗೆ ಸ್ಥಾನವಿರಲಿಲ್ಲ. ಸಹಾರಾ ಮರುಭೂಮಿಯನ್ನೂ ಕಾಂಗೋ ಕಾಡನ್ನೂ ಬೇರ್ಪಡಿಸಲು ಶಾಖದ ಲೆಕ್ಕವೊಂದೇ ಸಾಲದು. ಆ ಕೊರತೆಯನ್ನು ತುಂಬಲು ಆತನಿಗೆ ಮತ್ತೆ ಹದಿನಾರು ವರ್ಷಗಳು ಹಿಡಿದವು.

5. ಮರದ ಹೆಸರಿನಿಂದ ಅಕ್ಷರಕ್ಕೆ

ಸ್ವಿಸ್ ಸಸ್ಯಶಾಸ್ತ್ರಜ್ಞ ಆಲ್ಫೋನ್ಸ್ ದ ಕಾಂದೋಲ್ 1874ರಲ್ಲಿ ಸಸ್ಯಗಳನ್ನು ಅವುಗಳ ಶಾಖ ಮತ್ತು ತೇವದ ಅಗತ್ಯಕ್ಕೆ ಅನುಗುಣವಾಗಿ ಐದು ಗುಂಪುಗಳಾಗಿ ವಿಂಗಡಿಸಿದ್ದನು: ಸದಾ ಬಿಸಿಯನ್ನೂ ತೇವವನ್ನೂ ಬಯಸುವವು, ಒಣನೆಲವನ್ನು ಸಹಿಸುವವು, ಮಧ್ಯಮ ಶಾಖದವು, ಅಲ್ಪ ಶಾಖದವು ಹಾಗೂ ಅತ್ಯಲ್ಪ ಶಾಖದಲ್ಲಿ ಬದುಕುವವು. ಕೊಪೆನ್ 1900ರಲ್ಲಿ ಪ್ರಕಟಿಸಿದ ತನ್ನ ವರ್ಗೀಕರಣಕ್ಕೆ ಈ ಐದನ್ನೇ ತಳಹದಿಯಾಗಿ ಇಟ್ಟುಕೊಂಡನು. ಇಂದು ಪಠ್ಯಗಳಲ್ಲಿ ಕಾಣುವ ಎ, ಬಿ, ಸಿ, ಡಿ, ಇ ಎಂಬ ಐದು ಅಕ್ಷರಗಳ ಮೂಲ ಇಲ್ಲಿದೆ. ಅವು ಹುಟ್ಟಿದ್ದು ಸಸ್ಯಗಳ ಗುಂಪುಗಳಾಗಿ ಎಂಬ ಅಂಶ ಕಾಲಕ್ರಮದಲ್ಲಿ ಮರೆತುಹೋಯಿತು.

ಭಾಷೆಯ ದೃಷ್ಟಿಯಿಂದ 1900ರ ಈ ಲೇಖನ ಅತ್ಯಂತ ಕುತೂಹಲಕರವಾದುದು. ಅದರಲ್ಲಿ ವಾಯುಗುಣದ ಒಳಪ್ರಭೇದಗಳಿಗೆ ಕೊಪೆನ್ ಜೀವಿಗಳ ಹೆಸರುಗಳನ್ನೇ ಕೊಟ್ಟಿದ್ದನು. ಬಾವೊಬಾಬ್ ವಾಯುಗುಣ, ಆಲಿವ್ ವಾಯುಗುಣ, ಓಕ್ ವಾಯುಗುಣ, ಬರ್ಚ್ ವಾಯುಗುಣ ಎಂಬಂಥ ಹೆಸರುಗಳು ಅಲ್ಲಿವೆ. ಮರಗಳಿಲ್ಲದ ಕಡೆ ಹಿಮನರಿ, ಪೆಂಗ್ವಿನ್, ಯಾಕ್ ಮೊದಲಾದ ಪ್ರಾಣಿಗಳು ಹೆಸರು ಕೊಟ್ಟಿವೆ. ಹವಾಮಾನ ಕೇಂದ್ರಗಳು ವಿರಳವಾಗಿದ್ದ ಆ ಕಾಲದಲ್ಲಿ ಮರವೇ ಉಪಕರಣ. ಅದು ನೂರಾರು ವರ್ಷಗಳ ಮಳೆ ಬಿಸಿಲುಗಳನ್ನು ತನ್ನ ಇರವಿನಿಂದಲೇ ದಾಖಲಿಸುತ್ತದೆ. ಆದ್ದರಿಂದ ಮರದ ಹೆಸರಿನಿಂದ ವಾಯುಗುಣವನ್ನು ಕರೆಯುವುದು ಸಹಜವೇ ಆಗಿತ್ತು. ತೊಡಕೂ ಅಲ್ಲಿಯೇ ಇತ್ತು. ಬಾವೊಬಾಬ್ ಆಫ್ರಿಕಾದ ಮರ. ಅದೇ ಬಗೆಯ ಮಳೆ ಬಿಸಿಲುಗಳಿರುವ ದಕ್ಷಿಣ ಅಮೆರಿಕದ ಬಯಲಿನಲ್ಲಿ ಅದು ಬೆಳೆಯುವುದಿಲ್ಲ. ವಾಯುಗುಣ ಒಂದೇ ಆದರೂ ಖಂಡಗಳ ಇತಿಹಾಸ ಬೇರೆಯಾದುದರಿಂದ ಮರಗಳು ಬೇರೆಯಾದವು. ಹೆಸರು ಒಂದು ನೆಲಕ್ಕೆ ಹತ್ತಿರವಾದಷ್ಟೂ ಇನ್ನೊಂದು ನೆಲಕ್ಕೆ ದೂರವಾಗುತ್ತಿತ್ತು.

1918ರಲ್ಲಿ ಪ್ರಕಟವಾದ ಪರಿಷ್ಕೃತ ವರ್ಗೀಕರಣದಲ್ಲಿ ಅಕ್ಷರಗಳ ಜೋಡಣೆ ಮುನ್ನೆಲೆಗೆ ಬಂದಿತು. ಅತ್ಯಂತ ತಣ್ಣನೆಯ ತಿಂಗಳೂ 18 ಡಿಗ್ರಿಗಿಂತ ಬೆಚ್ಚಗಿದ್ದರೆ ಎ, ಅದು 18 ಮತ್ತು ಸೊನ್ನೆಗಿಂತ 3 ಕಡಿಮೆ ಇರುವ ಮಟ್ಟದ ನಡುವೆ ಇದ್ದರೆ ಸಿ, ಅದಕ್ಕಿಂತ ತಣ್ಣಗಿದ್ದು ಬೇಸಗೆ 10 ಡಿಗ್ರಿ ದಾಟಿದರೆ ಡಿ, ದಾಟದಿದ್ದರೆ ಇ. ಒಣನೆಲದ ಬಿ ಮಾತ್ರ ಮಳೆಯನ್ನು ಆಧರಿಸಿದ್ದು. ಎರಡನೆಯ ಅಕ್ಷರವು ಜರ್ಮನ್ ಪದಗಳ ಮೊದಲಕ್ಷರ: ತೇವವನ್ನು ಹೇಳುವ ಪದದಿಂದ ಎಫ್, ಬೇಸಗೆ ಒಣಗಿದ್ದರೆ ಎಸ್, ಚಳಿಗಾಲ ಒಣಗಿದ್ದರೆ ಡಬ್ಲ್ಯು. ಬಿ ಗುಂಪಿನಲ್ಲಿ ಸ್ಟೆಪ್ ಮತ್ತು ಮರುಭೂಮಿಗಳಿಗೆ ಅವೇ ಎರಡು ಅಕ್ಷರಗಳ ದೊಡ್ಡ ರೂಪ. ಹೀಗೆ ಐದು ಗುಂಪುಗಳಿಂದ ಹನ್ನೊಂದು ಪ್ರಧಾನ ವಾಯುಗುಣಗಳು ರೂಪುಗೊಂಡವು. ಯಾವ ಖಂಡಕ್ಕೂ ಸೇರದ ಅಕ್ಷರಗಳು ಎಲ್ಲ ಖಂಡಗಳಿಗೂ ಸಲ್ಲುವಂತಾದವು. ಆದರೆ ಓದುಗನ ಕಣ್ಣ ಮುಂದಿದ್ದ ಮರ ಮಾಯವಾಯಿತು. ಪಾರಿಭಾಷಿಕ ಪದರಚನೆಯಲ್ಲಿ ತೊಡಗಿರುವವರೆಲ್ಲರೂ ಎದುರಿಸುವ ಗಳಿಕೆ ನಷ್ಟಗಳ ಲೆಕ್ಕ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

6. ಮಳೆಯ ಬೆಲೆ

ಕೊಪೆನ್‌ನ ಸಾಧನೆಗಳಲ್ಲಿ ಅತಿ ಮುಖ್ಯವಾದುದು ಒಣನೆಲದ ಗಡಿಯನ್ನು ಗುರುತಿಸಿದ ಬಗೆ. ಇಂತಿಷ್ಟು ಮಿಲಿಮೀಟರ್ ಮಳೆಗಿಂತ ಕಡಿಮೆಯಾದರೆ ಒಣನೆಲ ಎಂದು ಒಂದೇ ಅಂಕಿಯನ್ನು ಹೇಳಲು ಸಾಧ್ಯವಿಲ್ಲ. ಬಿದ್ದ ನೀರಿನಲ್ಲಿ ಬೇರಿಗೆ ದಕ್ಕುವುದೆಷ್ಟು, ಆವಿಯಾಗುವುದೆಷ್ಟು ಎಂಬುದನ್ನು ಶಾಖ ನಿರ್ಧರಿಸುತ್ತದೆ. ಮಳೆ ಯಾವ ಋತುವಿನಲ್ಲಿ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಚಳಿಗಾಲದ ಮಳೆ ನೆಲದಲ್ಲಿ ಇಂಗಿ ಉಳಿಯುತ್ತದೆ. ಬಿಸಿಗಾಲದ ಮಳೆಯಲ್ಲಿ ದೊಡ್ಡ ಪಾಲು ಆಕಾಶಕ್ಕೆ ಮರಳುತ್ತದೆ. ಆತನ ಸೂತ್ರದ ಕೊನೆಯ ರೂಪದಂತೆ, ವಾರ್ಷಿಕ ಸರಾಸರಿ ಉಷ್ಣತೆ 25 ಡಿಗ್ರಿ ಇರುವ ಸ್ಥಳದಲ್ಲಿ ಮಳೆ ಮುಖ್ಯವಾಗಿ ಚಳಿಗಾಲದಲ್ಲಿ ಬಿದ್ದರೆ ಒಣನೆಲದ ಗಡಿ 500 ಮಿ.ಮೀ.; ವರ್ಷವಿಡೀ ಹಂಚಿಹೋದರೆ 640; ಬಿಸಿಗಾಲದಲ್ಲಿ ಬಿದ್ದರೆ 780. ಈ ಗಡಿಯ ಅರ್ಧಕ್ಕಿಂತ ಕಡಿಮೆಯಾದರೆ ಅದು ಮರುಭೂಮಿ. ಒಂದೇ ಪ್ರಮಾಣದ ಮಳೆ ಒಂದೆಡೆ ಕಾಡನ್ನೂ ಮತ್ತೊಂದೆಡೆ ಕುರುಚಲನ್ನೂ ಸಾಕುವುದಕ್ಕೆ ಇದರಿಂದ ವಿವರಣೆ ದೊರೆಯಿತು.

7. ಗತಕಾಲದ ವಾಯುಗುಣ ಮತ್ತು ಗ್ರಾತ್ಸ್‌ನ ವರ್ಷಗಳು

ಕೊಪೆನ್‌ನ ಮಗಳು ಎಲ್ಸೆ 1913ರಲ್ಲಿ ಆಲ್ಫ್ರೆಡ್ ವೆಗೆನರ್‌ನನ್ನು ಮದುವೆಯಾದಳು. ಖಂಡಗಳು ಚಲಿಸುತ್ತವೆ ಎಂಬ ಅಳಿಯನ ವಾದವನ್ನು ಮಾವ ಆರಂಭದಲ್ಲಿ ಸಂಶಯದಿಂದಲೇ ನೋಡಿದನು. ಸಾಕ್ಷ್ಯಗಳು ಕೂಡಿಬಂದಂತೆ ಅದನ್ನು ಒಪ್ಪಿ ಸಹಭಾಗಿಯಾದನು. 1919ರಲ್ಲಿ ವೀಕ್ಷಣಾಲಯದಿಂದ ನಿವೃತ್ತನಾದ ಆತ 1924ರಲ್ಲಿ ಮಗಳು ಅಳಿಯಂದಿರೊಡನೆ ಆಸ್ಟ್ರಿಯಾದ ಗ್ರಾತ್ಸ್‌ಗೆ ತೆರಳಿದನು. ಭೂವೈಜ್ಞಾನಿಕ ಗತಕಾಲದ ವಾಯುಗುಣಗಳನ್ನು ಕುರಿತು ಇಬ್ಬರೂ ಸೇರಿ ಬರೆದ ಗ್ರಂಥ ಪ್ರಕಟವಾದದ್ದು ಅದೇ ವರ್ಷ. ಕಲ್ಲಿದ್ದಲು, ಉಪ್ಪು, ಮರುಭೂಮಿಯ ಮರಳುಗಲ್ಲು, ಹಿಮನದಿಗಳ ಗೀರು ಇವೆಲ್ಲ ಅಲ್ಲಿ ಸಾಕ್ಷಿಗಳು. ಯುರೋಪಿನ ಕಲ್ಲಿದ್ದಲಿನಲ್ಲಿ ಉಳಿದ ಮರಗಳ ಕಾಂಡಗಳಲ್ಲಿ ವಾರ್ಷಿಕ ಉಂಗುರಗಳು ಕಾಣದಿರುವುದು ಆ ನೆಲ ಒಮ್ಮೆ ಋತುಭೇದವಿಲ್ಲದ ಉಷ್ಣವಲಯದಲ್ಲಿತ್ತು ಎಂಬುದರ ಸೂಚನೆ. ಬದುಕಿರುವ ಮರದಿಂದ ಇಂದಿನ ವಾಯುಗುಣವನ್ನು ಓದಿದವನು ಕಲ್ಲಾದ ಮರದಿಂದ ಗತಕಾಲದ ವಾಯುಗುಣವನ್ನು ಓದಿದನು.

ಸರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೋವಿಚ್‌ನೊಡನೆ ಆತ ನಡೆಸಿದ ಪತ್ರವ್ಯವಹಾರವೂ ಇದೇ ಕಾಲದ್ದು. ಭೂಮಿಯ ಕಕ್ಷೆಯ ವ್ಯತ್ಯಾಸಗಳಿಂದ ಹಿಮಯುಗಗಳನ್ನು ವಿವರಿಸಲು ಹೊರಟ ಮಿಲಾಂಕೋವಿಚ್‌ಗೆ, ಚಳಿಗಾಲದ ತೀವ್ರತೆಗಿಂತ ಉತ್ತರದ ಪ್ರದೇಶಗಳ ಬೇಸಗೆ ತಣ್ಣಗಾಗುವುದೇ ನಿರ್ಣಾಯಕ ಎಂದು ಸೂಚಿಸಿದವನು ಕೊಪೆನ್. ಬೇಸಗೆ ದುರ್ಬಲವಾದರೆ ಬಿದ್ದ ಹಿಮ ಕರಗದೆ ಉಳಿದು ಪದರ ಕಟ್ಟುತ್ತದೆ. ಮರಗಳ ಗಡಿಯನ್ನು ಕುರಿತು 1884ರಲ್ಲಿ ಕಂಡುಕೊಂಡ ಸತ್ಯವನ್ನೇ ಆತ ನಲವತ್ತು ವರ್ಷಗಳ ನಂತರ ಮಂಜುಗಡ್ಡೆಗೆ ಅನ್ವಯಿಸಿದ್ದನು.

1930ರ ನವೆಂಬರ್‌ನಲ್ಲಿ ವೆಗೆನರ್ ಗ್ರೀನ್‌ಲೆಂಡ್‌ನ ಹಿಮದಲ್ಲಿ ಮಡಿದನು. ಆಗ ಕೊಪೆನ್‌ಗೆ ಎಂಬತ್ತನಾಲ್ಕು ವರ್ಷ. ಆ ಆಘಾತದ ನಂತರವೂ ಆತ ರುಡಾಲ್ಫ್ ಗೈಗರ್‌ನೊಡನೆ ಐದು ಸಂಪುಟಗಳ ವಾಯುಗುಣ ಕೈಪಿಡಿಯ ಸಂಪಾದನೆಯನ್ನು ಮುಂದುವರಿಸಿದನು. ತನ್ನ ವರ್ಗೀಕರಣದ ಅಂತಿಮ ರೂಪವನ್ನು ಆತ ಪ್ರಕಟಿಸಿದ್ದು 1936ರಲ್ಲಿ, ತೊಂಬತ್ತನೆಯ ವಯಸ್ಸಿನ ಹೊತ್ತಿಗೆ. 1940ರ ಜೂನ್ 22ರಂದು ಗ್ರಾತ್ಸ್‌ನಲ್ಲಿ ತೀರಿಕೊಂಡನು.

8. ಕನ್ನಡ ನಾಡಿನಲ್ಲಿ ಈ ವರ್ಗೀಕರಣ

ಕೊಪೆನ್‌ನ ಪದ್ಧತಿಯಂತೆ ಕರ್ನಾಟಕದ ಕರಾವಳಿ ಹಾಗೂ ಘಟ್ಟದ ಹೆಚ್ಚು ಮಳೆಯ ಭಾಗಗಳು ‘ಎಎಂ’, ದಕ್ಷಿಣದ ಒಳನಾಡಿನ ಬಹುಭಾಗ ‘ಎಡಬ್ಲ್ಯು’, ಉತ್ತರದ ಒಳನಾಡು ‘ಬಿಎಸ್’ ವರ್ಗಕ್ಕೆ ಸೇರುತ್ತವೆ. ಬಳ್ಳಾರಿಯಲ್ಲಿ ಮಳೆ 500–600 ಮಿ.ಮೀ. ಆಸುಪಾಸಿನಲ್ಲಿದ್ದು, ಅಲ್ಲಿನ ಶಾಖಕ್ಕೆ ಅನ್ವಯಿಸುವ ಗಡಿಗಿಂತ ಕೆಳಗಿದೆ. ಜಾಲಿ, ಕುರುಚಲು, ಒರಟು ಹುಲ್ಲುಗಳ ಆ ನೆಲವನ್ನು ಸೂತ್ರವು ಸರಿಯಾಗಿಯೇ ಗುರುತಿಸುತ್ತದೆ.

‘ಎಎಂ’ನಲ್ಲಿರುವ ಎಂ ಅಕ್ಷರವನ್ನು ಮಾನ್ಸೂನ್ ಎಂದು ಬಿಡಿಸುವುದು ರೂಢಿಯಾಗಿದೆ. ಕೊಪೆನ್‌ನ ಬಳಕೆಯಲ್ಲಿ ಅದು ಮಧ್ಯಮ ರೂಪ ಎಂಬರ್ಥದ ಜರ್ಮನ್ ಪದದ ಮೊದಲಕ್ಷರ. ಹನ್ನೊಂದು ಪ್ರಧಾನ ವಾಯುಗುಣಗಳಲ್ಲಿ ಅದಕ್ಕೆ ಸ್ವತಂತ್ರ ಸ್ಥಾನವಿಲ್ಲ. ಸದಾ ಮಳೆಯ ಕಾಡಿಗೂ ಒಣಋತುವಿನ ಸವನ್ನಾಕ್ಕೂ ನಡುವಿನ ನೆಲೆ ಅದು. ಕೆಲವು ತಿಂಗಳು ಮಳೆಯಿಲ್ಲದಿದ್ದರೂ ಒಟ್ಟು ಮಳೆ ಹೇರಳವಾಗಿದ್ದರೆ ಮಣ್ಣಿನ ತೇವ ಉಳಿದು ನಿತ್ಯಹರಿದ್ವರ್ಣದ ಕಾಡು ಬಾಳುತ್ತದೆ ಎಂಬುದು ಅದರ ಹಿಂದಿನ ತರ್ಕ. ಸೂತ್ರದಂತೆ ವಾರ್ಷಿಕ ಮಳೆ 2,000 ಮಿ.ಮೀ. ಇದ್ದರೆ ಅತ್ಯಂತ ಒಣ ತಿಂಗಳಿನಲ್ಲಿಯೂ 20 ಮಿ.ಮೀ. ಮಳೆ ಬೇಕು, 2,500 ಮೀರಿದರೆ ಒಂದು ಹನಿಯೂ ಬೇಡ. 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರು ಹಾಗೂ ಅದರ ಇಮ್ಮಡಿಯಷ್ಟು ಮಳೆಯ ಆಗುಂಬೆ ಈ ಲೆಕ್ಕದಿಂದಲೇ ಒಂದೇ ಗುಂಪಿಗೆ ಬರುತ್ತವೆ.

ಪದ್ಧತಿಯ ಮಿತಿಗಳೂ ಇಲ್ಲಿಯೇ ಗೋಚರಿಸುತ್ತವೆ. ಸೂತ್ರವು ಒಣ ತಿಂಗಳು ಎಷ್ಟು ಒಣ ಎಂದು ಕೇಳುತ್ತದೆ, ಒಣ ತಿಂಗಳುಗಳು ಎಷ್ಟು ಎಂದು ಕೇಳುವುದಿಲ್ಲ. ಪಶ್ಚಿಮಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗಿದಂತೆ ಒಟ್ಟು ಮಳೆ ತಗ್ಗದಿದ್ದರೂ ಒಣ ಅವಧಿ ಹೆಚ್ಚುತ್ತ ಹೋಗುತ್ತದೆ. ಕಾಡಿನ ಮರಗಳೂ ಬದಲಾಗುತ್ತವೆ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಂರಿ ಗೋಸೆನ್, ತಿಂಗಳ ಮಳೆಯ ಮಿಲಿಮೀಟರ್ ಅಂಕಿ ಅದರ ಉಷ್ಣತೆಯ ಇಮ್ಮಡಿಗಿಂತ ಕಡಿಮೆಯಾದರೆ ಅದು ಒಣ ತಿಂಗಳು ಎಂಬ ನಿಯಮವನ್ನು ರೂಪಿಸಿ, ಅಂಥ ತಿಂಗಳುಗಳನ್ನು ಎಣಿಸುವ ಕ್ರಮವನ್ನು ಪ್ರಚುರಪಡಿಸಿದನು. ಅಮೆರಿಕದ ಥಾರ್ನ್‌ತ್‌ವೇಟ್ 1948ರಲ್ಲಿ ಆವಿಯಾಗುವ ನೀರಿನ ಲೆಕ್ಕವನ್ನೇ ಮುಂದಿಟ್ಟನು. ಇನ್ನು ಕುದುರೆಮುಖದ ನೆತ್ತಿಯಲ್ಲಿ ಒಂದೇ ಮಳೆಗೆ, ಒಂದೇ ಬಿಸಿಲಿಗೆ ಕಣಿವೆಯಲ್ಲಿ ಶೋಲಾ ಕಾಡೂ ದಿಬ್ಬದ ಮೇಲೆ ಹುಲ್ಲೂ ಒತ್ತೊತ್ತಾಗಿವೆ. ಮಣ್ಣಿನ ಆಳ, ಗಾಳಿ, ಬೆಂಕಿ, ಮನುಷ್ಯನ ಕೈವಾಡ ಇವು ಯಾವುವೂ ಅಕ್ಷರಗಳಲ್ಲಿ ಬರುವುದಿಲ್ಲ. ಸಸ್ಯಗಳ ಗಡಿಯಿಂದ ವಾಯುಗುಣದ ಗಡಿಯನ್ನು ಎಳೆದು, ಅದರಿಂದಲೇ ಸಸ್ಯಗಳನ್ನು ವಿವರಿಸಿದರೆ ವಾದವು ವೃತ್ತಾಕಾರವಾಗುತ್ತದೆ ಎಂಬ ಆಕ್ಷೇಪವೂ ಸಮಂಜಸವೇ.

9. ಸಮಾರೋಪ

ಇಷ್ಟಾದರೂ ಕೊಪೆನ್‌ನ ವರ್ಗೀಕರಣ ಬಳಕೆಯಿಂದ ಹೊರಗುಳಿದಿಲ್ಲ. 2006, 2007 ಹಾಗೂ 2018ರಲ್ಲಿ ಹೊಸ ಅಂಕಿಅಂಶಗಳನ್ನು ಬಳಸಿ ಅದರ ಜಾಗತಿಕ ನಕ್ಷೆಗಳನ್ನು ಮತ್ತೆ ರಚಿಸಲಾಗಿದೆ. ಭೂಮಿ ಬಿಸಿಯಾಗುತ್ತಿರುವಂತೆ ಆ ಗಡಿಗಳು ಎತ್ತ ಸರಿಯುತ್ತವೆ ಎಂದು ಅಂದಾಜು ಮಾಡಲು ಅವು ನೆರವಾಗುತ್ತಿವೆ. ಇಂದು ಅಕ್ಷರ ಬದಲಾಗುವುದೆಂದರೆ ಅಲ್ಲಿ ಬಾಳುತ್ತಿರುವ ಮರಗಳ ಮುಂದಿನ ಪೀಳಿಗೆಗೆ ಆ ನೆಲ ಒಗ್ಗದೇ ಹೋಗಬಹುದು ಎಂದರ್ಥ.

ಒಟ್ಟಾರೆಯಾಗಿ ನೋಡಿದಾಗ ಕೊಪೆನ್‌ನ ಬದುಕಿನಿಂದ ಪ್ರಾದೇಶಿಕ ಅಧ್ಯಯನಕ್ಕೆ ದೊರೆಯುವ ಪಾಠ ವರ್ಗೀಕರಣದ ಫಲಿತಾಂಶಕ್ಕಿಂತ ಅದರ ಕ್ರಮದಲ್ಲಿದೆ. 1884, 1900, 1918, 1936 ಹೀಗೆ ಆತ ತನ್ನ ಗೆರೆಗಳನ್ನು ತಾನೇ ಅಳಿಸಿ ಮತ್ತೆ ಎಳೆದನು. ಪಠ್ಯಗಳು ಮಾತ್ರ ಕೊನೆಯ ಗೆರೆಯನ್ನು ಶಾಶ್ವತವೆಂದು ಕಲಿಸಿದವು. ಮಲೆನಾಡು, ಬಯಲುಸೀಮೆಗಳನ್ನು ಸಿದ್ಧ ಚೌಕಟ್ಟುಗಳೆಂದು ನಾವು ಬಳಸುವಾಗಲೂ ಆಗುತ್ತಿರುವುದು ಇದೇ. ನಮ್ಮ ಜನ ಇವೆರಡರ ನಡುವಿನ ನೆಲಕ್ಕೆ ಅರೆಮಲೆನಾಡು ಎಂಬ ಹೆಸರಿಟ್ಟಿದ್ದಾರೆ. ಗಡಿ ಒಂದು ಗೆರೆಯಲ್ಲ, ಅದಕ್ಕೂ ಅಗಲವಿದೆ ಎಂಬ ಅರಿವು ಆ ಪದದಲ್ಲಿದೆ. ಕೊಪೆನ್ ಮಧ್ಯಮ ರೂಪವೊಂದನ್ನು ಗುರುತಿಸಿದ್ದೂ ಅದೇ ಅರಿವಿನಿಂದ. ಯಾವ ಮರ ಎಲ್ಲಿ ನಿಲ್ಲುತ್ತದೆ, ಯಾವ ಬೆಳೆ ಎಲ್ಲಿ ಆರಂಭವಾಗುತ್ತದೆ, ಆ ಜಾಗವನ್ನು ಜನ ಏನೆಂದು ಕರೆಯುತ್ತಾರೆ ಎಂಬ ವಿವರಗಳನ್ನು ಊರೂರಿನಲ್ಲಿ ಸಂಗ್ರಹಿಸಿ ಮಳೆಯ ಅಂಕಿಗಳೊಂದಿಗೆ ಹೋಲಿಸುವ ಕೆಲಸ ಕನ್ನಡ ಅಧ್ಯಯನದ ಕ್ಷೇತ್ರಕಾರ್ಯಕ್ಕೂ ಸೇರಬೇಕಾಗಿದೆ.